ಎಲ್ಲರಿಗೂ ಪಾಲು ಸಿಗುವ ತಂಪು ಸಿಹಿ



ಹಬ್ಬದೂಟ ಮುಗಿದ ಮೇಲೆ ನಮ್ಮ ಮನೆಗಳಲ್ಲಿ ಬಟ್ಟಲಿಗೆ ಬರುವ ಸಿಹಿ ಯಾವುದು? ಕ್ಯಾರಮೆಲ್ ಪುಡ್ಡಿಂಗ್, ಕಸ್ಟರ್ಡ್, ಐಸ್‌ಕ್ರೀಮ್, ಇಲ್ಲವೇ ಶ್ಯಾವಿಗೆ ಪಾಯಸ. ಎಲ್ಲದಕ್ಕೂ ಹಾಲು ಬೇಕು. ಆದರೆ ಊಟಕ್ಕೆ ಕುಳಿತವರಲ್ಲಿ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವ ಅಜ್ಜಿ ಇರಬಹುದು, ಹಾಲಿನ ಅಲರ್ಜಿ ಇರುವ ಮಗು ಇರಬಹುದು. ಕಾಸರಗೋಡು, ವಯನಾಡಿನ ನಮ್ಮ ನೆರೆಯ ಸಿರೋ-ಮಲಬಾರ್ ಕುಟುಂಬಗಳಲ್ಲಿ ಈಸ್ಟರ್‌ಗೆ ಮೊದಲಿನ ನೋಂಬಿನಲ್ಲಿ ಮಾಂಸ, ಮೀನು, ಮೊಟ್ಟೆಯ ಜೊತೆಗೆ ಹಾಲನ್ನೂ ಬಿಡುವವರಿದ್ದಾರೆ. ಇವರೆಲ್ಲ "ನಮಗೆ ಬೇಡ" ಎಂದು ಸುಮ್ಮನಾಗುತ್ತಾರೆ. ದೊಡ್ಡವರು ಸುಧಾರಿಸಿಕೊಂಡಾರು, ಮಗುವಿಗೆ ಅದು ಸುಲಭವಲ್ಲ.

ಅಂಥವರಿಗೆ ಬೇರೆಯೇ ಒಂದು ಬಟ್ಟಲು ಮಾಡಿಕೊಡುವುದಕ್ಕಿಂತ, ಎಲ್ಲರೂ ತಿನ್ನುವಂಥ ಒಂದೇ ಸಿಹಿ ಮಾಡುವುದು ಲೇಸು. ಈ ತಿಂಗಳು ಹಾಲು, ಮೊಟ್ಟೆ ಎರಡೂ ಇಲ್ಲದ ಗ್ರೀನ್ ಟೀ ಪುಡ್ಡಿಂಗ್ ಮಾಡೋಣ. ಬೇಸಿಗೆಯ ಮಧ್ಯಾಹ್ನಕ್ಕೆ ಹಿತವಾಗಿರುತ್ತದೆ, ಹೊಟ್ಟೆಗೂ ಭಾರವಲ್ಲ.

ಹಾಲಿಲ್ಲದ ಸಿಹಿ ಎಂದರೆ ಹೊಸ ಫ್ಯಾಶನ್ ಎಂದು ತಿಳಿಯಬೇಡಿ. ನಮ್ಮ ಕೊಂಕಣಿ ಮನೆಗಳಲ್ಲಿ ಕಡಲೆಬೇಳೆ, ಬೆಲ್ಲ, ತೆಂಗಿನ ಹಾಲು ಹಾಕಿ ಮಾಡುವ ವೊರ್ನ್‌ನಲ್ಲಿ ಹಸುವಿನ ಹಾಲಿಲ್ಲ. ಮದುವೆಯ ಮುನ್ನಾದಿನ ವಧೂವರರಿಗೆ ಹಚ್ಚುವ 'ರೋಸ್' ಕೂಡ ತೆಂಗಿನ ಹಾಲೇ. ಆ ತೆಂಗಿನ ಹಾಲಿಗೆ ಇಂದು ನೀಲಗಿರಿಯ ಗ್ರೀನ್ ಟೀ ಸೇರಿಸುತ್ತೇವೆ, ಅಷ್ಟೆ. ಇದನ್ನು ಗಟ್ಟಿ ಮಾಡಲು ಜೆಲಾಟಿನ್ ಬೇಡ, ಚೈನಾ ಗ್ರಾಸ್ ಬಳಸೋಣ. ಜೆಲಾಟಿನ್ ಪ್ರಾಣಿಗಳ ಎಲುಬು, ಚರ್ಮದಿಂದ ಬರುತ್ತದೆ. ಚೈನಾ ಗ್ರಾಸ್ ಕಡಲ ಪಾಚಿಯಿಂದ ಆಗುವಂಥದ್ದು. ಆದ್ದರಿಂದ ಸೆಪ್ಟೆಂಬರ್ 8ರ ತೆನೆ ಹಬ್ಬದ ಸಸ್ಯಾಹಾರಿ ಊಟಕ್ಕೂ ಇದು ಸಲ್ಲುತ್ತದೆ, ನೆರೆಮನೆಯ ಸಸ್ಯಾಹಾರಿಗಳಿಗೂ ಸಂಕೋಚವಿಲ್ಲದೆ ಕೊಡಬಹುದು.

ಬೇಕಾಗುವ ಸಾಮಗ್ರಿಗಳು (6 ಸಣ್ಣ ಬಟ್ಟಲುಗಳಿಗೆ, 1 ಕಪ್ ಎಂದರೆ 200 ಮಿ.ಲೀ.)

ಚೈನಾ ಗ್ರಾಸ್ ಎಳೆಗಳು – 5 ಗ್ರಾಂ (10 ಗ್ರಾಂ ಪ್ಯಾಕೆಟಿನ ಅರ್ಧ)
ನೀರು – 1 ಕಪ್ (ಚೈನಾ ಗ್ರಾಸ್ ಕರಗಿಸಲು)
ಗ್ರೀನ್ ಟೀ ಎಲೆ – 3 ಟೀ ಚಮಚ
ನೀರು – ಮುಕ್ಕಾಲು ಕಪ್ (ಚಹಾಕ್ಕೆ)
ತೆಂಗಿನಕಾಯಿಯ ದಪ್ಪ ಹಾಲು – ಅರ್ಧ ಕಪ್
ಎರಡನೇ ಹಾಲು – ಅರ್ಧ ಕಪ್
ಸಕ್ಕರೆ – 4 ದೊಡ್ಡ ಚಮಚ
ಉಪ್ಪು – ಒಂದು ಚಿಟಿಕೆ
ಬೊಂಡದ ಎಳೆ ತಿರುಳು – ಮೇಲೆ ಹಾಕಲು ಸ್ವಲ್ಪ

ಮಾಡುವ ವಿಧಾನ

1. ಚೈನಾ ಗ್ರಾಸನ್ನು ಕತ್ತರಿಸಿ ತಣ್ಣೀರಿನಲ್ಲಿ 20 ನಿಮಿಷ ನೆನೆಸಿ, ಹಿಂಡಿ ತೆಗೆಯಿರಿ.

2. ಚಹಾದ ನೀರನ್ನು ಕುದಿಸಿ ಇಳಿಸಿ. ಮುಚ್ಚಳ ತೆಗೆದು ಐದು ನಿಮಿಷ ಬಿಡಿ. ಕುದಿಯುವ ನೀರನ್ನೇ ಸುರಿದರೆ ಗ್ರೀನ್ ಟೀ ಕಹಿಯಾಗುತ್ತದೆ. ಅದಕ್ಕೆ ಸುಮಾರು 80 ಡಿಗ್ರಿ ಬಿಸಿ ಸಾಕು. ಎಲೆ ಹಾಕಿ ಮುಚ್ಚಿ, ಮೂರು ನಿಮಿಷಕ್ಕೆ ಸೋಸಿ. ಹೆಚ್ಚು ಹೊತ್ತು ಬಿಟ್ಟರೆ ರುಚಿ ಹೆಚ್ಚುವುದಿಲ್ಲ, ಒಗರು ಹೆಚ್ಚುತ್ತದೆ. ಎಲೆಗಳನ್ನು ಹಿಂಡಲೂಬೇಡಿ.

3. ನೆನೆದ ಚೈನಾ ಗ್ರಾಸನ್ನು ಒಂದು ಕಪ್ ನೀರಿನಲ್ಲಿ ಸಣ್ಣ ಉರಿಯಲ್ಲಿ ಕುದಿಸಿ. ಒಂದು ಎಳೆಯೂ ಉಳಿಯದಂತೆ ಕರಗಬೇಕು. ಕರಗಿದ ಮೇಲಷ್ಟೇ ಸಕ್ಕರೆ, ಉಪ್ಪು ಹಾಕಿ. ಮೊದಲೇ ಸಕ್ಕರೆ ಹಾಕಿದರೆ ಕರಗುವುದು ತಡವಾಗುತ್ತದೆ.

4. ಒಲೆ ಆರಿಸಿ. ತೆಂಗಿನ ಹಾಲನ್ನು ಬೇರೆ ಪಾತ್ರೆಯಲ್ಲಿ ಉಗುರುಬೆಚ್ಚಗೆ ಮಾಡಿಟ್ಟುಕೊಳ್ಳಿ. ಕುದಿಸಿದರೆ ಒಡೆಯುತ್ತದೆ; ತಣ್ಣಗಿನದನ್ನೇ ಸುರಿದರೆ ಚೈನಾ ಗ್ರಾಸ್ ಅಲ್ಲಲ್ಲೇ ಗಂಟು ಕಟ್ಟುತ್ತದೆ. ಚಹಾ, ತೆಂಗಿನ ಹಾಲು ಎರಡನ್ನೂ ಸೇರಿಸಿ ಸೋಸಿ.

5. ಆವಿ ಕಡಿಮೆಯಾಗುವವರೆಗೆ ನಿಧಾನವಾಗಿ ಕಲಕಿ, ಅನಂತರ ಬಟ್ಟಲುಗಳಿಗೆ ಹಾಕಿ. ತುಂಬ ಬಿಸಿಯಿರುವಾಗಲೇ ಸುರಿದರೆ ತೆಂಗಿನ ಕೊಬ್ಬು ಮೇಲೆ ಬಂದು ಎರಡು ಪದರವಾಗುತ್ತದೆ.

6. ಹೊರಗೇ ಗಟ್ಟಿಯಾಗಲು ಬಿಡಿ. ಆಮೇಲೆ ಎರಡು ಗಂಟೆ ಫ್ರಿಜ್‌ನಲ್ಲಿಟ್ಟು, ಬೊಂಡದ ತಿರುಳು ಹಾಕಿ ಕೊಡಿ.

ಬಣ್ಣ ಕಡು ಹಸಿರಾಗಲಿಲ್ಲವೆಂದು ಬೇಸರ ಬೇಡ. ಎಲೆಯ ಚಹಾ ತಿಳಿ ಬಣ್ಣವನ್ನಷ್ಟೇ ಕೊಡುತ್ತದೆ. ಬಾಟಲಿ ಬಣ್ಣ ಹಾಕುವ ಅಗತ್ಯವಿಲ್ಲ. ಜಪಾನಿನ ಮಾಚಾ ಪುಡಿ ಸಿಕ್ಕಿದರೆ ಎಲೆಯ ಬದಲು ಒಂದೂವರೆ ಟೀ ಚಮಚ ಪುಡಿಯನ್ನು ಅಷ್ಟೇ ಬೆಚ್ಚಗಿನ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ ಹಾಕಿ. ಆಗ ಹಸಿರು ಬಣ್ಣ ಚೆನ್ನಾಗಿ ಬರುತ್ತದೆ. ಬೆಲ್ಲ ಹಾಕಿದರೆ ಚಹಾದ ಪರಿಮಳ ಅಡಗಿಹೋಗುತ್ತದೆ.

ಫ್ರಿಜ್ ಇಲ್ಲದ ಮನೆಯವರೂ ಇದನ್ನು ಮಾಡಬಹುದು. ಚೈನಾ ಗ್ರಾಸ್ 40 ಡಿಗ್ರಿಯ ಕೆಳಗೆ ತಾನಾಗಿ ಗಟ್ಟಿಯಾಗುತ್ತದೆ; ಮತ್ತೆ ಕರಗಬೇಕಾದರೆ 85 ಡಿಗ್ರಿಯಷ್ಟು ಬಿಸಿ ಬೇಕು. ನಮ್ಮ ಕರಾವಳಿಯ ಮೇ ತಿಂಗಳ ಸೆಕೆಗೂ ಅದು ಜಗ್ಗುವುದಿಲ್ಲ. ಜರ್ಮನಿಯ ರಾಬರ್ಟ್ ಕಾಕ್‌ರ ಪ್ರಯೋಗಾಲಯದಲ್ಲಿ ರೋಗಾಣುಗಳನ್ನು ಬೆಳೆಸಲು ಇಟ್ಟ ಜೆಲಾಟಿನ್ ಬೆಚ್ಚಗೆ ಕರಗಿಹೋಗುತ್ತಿತ್ತು. 1881ರ ಸುಮಾರಿಗೆ ಅಲ್ಲಿನ ಸಹಾಯಕ ವಿಜ್ಞಾನಿಯ ಪತ್ನಿ ಫ್ಯಾನಿ ಹೆಸ್ಸೆ, ಅಡುಗೆಮನೆಯಲ್ಲಿ ತಾನು ಬಳಸುತ್ತಿದ್ದ ಇದೇ ವಸ್ತುವನ್ನು ಸೂಚಿಸಿದರು. ಇಂದಿಗೂ ಆಸ್ಪತ್ರೆಗಳ ಲ್ಯಾಬ್‌ನಲ್ಲಿ ಅದೇ ಬಳಕೆಯಲ್ಲಿದೆ. ಗೃಹಿಣಿಯ ಅನುಭವ ವಿಜ್ಞಾನಕ್ಕೂ ಬೇಕಾಯಿತು ನೋಡಿ! ಆದರೆ ಒಂದು ಮಾತು: ಪುಡ್ಡಿಂಗ್ ಕರಗದಿದ್ದರೂ ತೆಂಗಿನ ಹಾಲು ಸೆಕೆಗೆ ಹಳಸುತ್ತದೆ. ಹೊರಗಿಟ್ಟರೆ ಎರಡು ಗಂಟೆಯೊಳಗೆ ಬಡಿಸಿಬಿಡಿ.

ಕೆಲವು ಎಚ್ಚರಿಕೆಗಳು

ಹಾಲು ಒಗ್ಗದಿರುವುದು ಬೇರೆ, ಹಾಲಿನ ಅಲರ್ಜಿ ಬೇರೆ. ಮೊದಲನೆಯದರಲ್ಲಿ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಜೀರ್ಣವಾಗುವುದಿಲ್ಲ. ದೊಡ್ಡವರಾದಂತೆ ಅನೇಕರಲ್ಲಿ ಹೀಗಾಗುತ್ತದೆ. ಹೊಟ್ಟೆ ಕೆಡುತ್ತದೆ, ಅಪಾಯವಿಲ್ಲ. ಎರಡನೆಯದು ಹಾಲಿನ ಪ್ರೋಟೀನಿನಿಂದ ಬರುವಂಥದ್ದು. ಒಂದು ಚಮಚವೂ ಅಪಾಯ ತರಬಹುದು. ಅಂಥ ಮಗುವಿರುವಾಗ ಅಂಗಡಿಯ ತೆಂಗಿನ ಹಾಲಿನ ಪುಡಿ ಬಳಸುವ ಮುನ್ನ ಪ್ಯಾಕೆಟ್ ಓದಿ. ಅನೇಕ ಪುಡಿಗಳಲ್ಲಿ ಹಾಲಿನಿಂದ ತೆಗೆದ ಕೇಸಿನೇಟ್ ಸೇರಿರುತ್ತದೆ. ಮನೆಯಲ್ಲೇ ಕಾಯಿ ತುರಿದು ಹಿಂಡಿದ ಹಾಲೇ ನಂಬಿಕೆಗೆ ಯೋಗ್ಯ. ಪಾಯಸಕ್ಕೆ ಹಾಕಿದ ಸೌಟನ್ನು ಇದಕ್ಕೆ ಹಾಕಬೇಡಿ.

ಗ್ರೀನ್ ಟೀಯಲ್ಲೂ ಕೆಫೀನ್ ಇದೆ. ಸಣ್ಣ ಮಕ್ಕಳಿಗೆ ರಾತ್ರಿ ಬೇಡ, ಮಧ್ಯಾಹ್ನ ಸಣ್ಣ ಬಟ್ಟಲು ಸಾಕು. ಚಹಾ ಕಬ್ಬಿಣದ ಅಂಶವನ್ನು ದೇಹ ಹೀರಿಕೊಳ್ಳದಂತೆ ತಡೆಯುವುದರಿಂದ, ರಕ್ತಹೀನತೆಗೆ ಮಾತ್ರೆ ನುಂಗುವ ಗರ್ಭಿಣಿಯರು ಮಾತ್ರೆಗೂ ಇದಕ್ಕೂ ಒಂದೆರಡು ಗಂಟೆ ಅಂತರವಿಡಲಿ. ಸಕ್ಕರೆ ಕಾಯಿಲೆಯವರಿಗೆ ಇದು ಔಷಧಿಯಲ್ಲ. ಇದರಲ್ಲೂ ಸಕ್ಕರೆ ಇದೆ. ಹಾಲು ಪೂರ್ತಿ ಬಿಟ್ಟವರು ಸುಣ್ಣದ ಅಂಶಕ್ಕಾಗಿ ರಾಗಿ, ಎಳ್ಳು, ನುಗ್ಗೆ ಸೊಪ್ಪು, ಮುಳ್ಳು ಸಮೇತ ತಿನ್ನುವ ಸಣ್ಣ ಮೀನುಗಳನ್ನು ಮರೆಯಬಾರದು.

ಈ ಚಹಾಕ್ಕೂ ನಮ್ಮ ವಿಶ್ವಾಸಕ್ಕೂ ಒಂದು ನಂಟಿದೆ. ಗೋವೆಯಲ್ಲಿ ಯಾರ ಪವಿತ್ರ ಶರೀರವಿದೆಯೋ ಆ ಸಂತ ಫ್ರಾನ್ಸಿಸ್ ಕ್ಸೇವಿಯರ್ 1549ರಲ್ಲಿ ಜಪಾನಿಗೆ ಶುಭಸಂದೇಶ ಒಯ್ದರು. ಅಲ್ಲಿ ಬೆಳೆದ ವಿಶ್ವಾಸದ ಒಂದು ಫಲ ತಕಯಾಮ ಉಕೊನ್. ಅವರು ಪಾಳೆಯಗಾರರಾಗಿದ್ದರು, ಚಹಾ ಕಲೆಯ ಮಹಾಗುರು ಸೆನ್ ನೊ ರಿಕ್ಯೂ ಅವರ ಶಿಷ್ಯರೂ ಹೌದು. ರಿಕ್ಯೂ ಅವರ ಚಹಾ ಕೋಣೆಯ ಬಾಗಿಲು ತೀರ ಗಿಡ್ಡ. ದೊರೆಯಾದರೂ ಕತ್ತಿಯನ್ನು ಹೊರಗಿಟ್ಟು ಬಗ್ಗಿಯೇ ಒಳಗೆ ಹೋಗಬೇಕು. ಒಳಗೆ ಅತಿಥಿಗಳು ಒಂದೇ ಬಟ್ಟಲಿನ ದಪ್ಪ ಚಹಾವನ್ನು ಸರದಿಯಂತೆ ಕುಡಿಯುತ್ತಾರೆ. ವಿಶ್ವಾಸ ಬಿಡಲೊಪ್ಪದ ಉಕೊನ್ 1614ರಲ್ಲಿ ಗಡೀಪಾರಾಗಿ, ಮರುವರ್ಷ ಮನಿಲಾದಲ್ಲಿ ತೀರಿಕೊಂಡರು. 2017ರ ಫೆಬ್ರವರಿ 7ರಂದು ಒಸಾಕಾದಲ್ಲಿ ಧರ್ಮಸಭೆ ಅವರನ್ನು ಪುನೀತರೆಂದು ಘೋಷಿಸಿತು.

ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯವನ್ನು ಈ ವಾರ ಮನೆಮಂದಿ ಒಟ್ಟಾಗಿ ಓದಿರಿ. ಊಟಕ್ಕೆ ಕೂಡಿದಾಗ ಕೆಲವರು ಹಸಿದಿದ್ದು ಕೆಲವರು ತಮ್ಮ ಪಾಲನ್ನು ಮೊದಲೇ ಮುಗಿಸುವುದನ್ನು ಅವರು ಗದರಿದ್ದಾರೆ, ಒಬ್ಬರಿಗೊಬ್ಬರು ಕಾಯಿರಿ ಎಂದಿದ್ದಾರೆ. ನಮ್ಮ ತೆನೆ ಹಬ್ಬದಲ್ಲೂ ಹೊಸ ಅಕ್ಕಿಯ ಪಾಲು ದೂರದೂರಿನಲ್ಲಿರುವ ಮಕ್ಕಳಿಗೂ ಹೋಗುತ್ತದೆ. ದೂರದವರಿಗೆ ಪಾಲಿಡುವ ನಾವು, ಪಕ್ಕದಲ್ಲೇ ಕುಳಿತವರನ್ನು ಬಿಡಬಾರದಲ್ಲವೇ? ಮುಂದಿನ ಸಲ ಅತಿಥಿಗಳನ್ನು ಕರೆಯುವಾಗ "ನಿಮಗೆ ಆಗದ್ದು ಏನಾದರೂ ಇದೆಯಾ?" ಎಂದು ಮೊದಲೇ ಕೇಳಿ. ಅಡುಗೆ ಅಲ್ಲಿಂದಲೇ ಶುರುವಾಗಲಿ.