ಅರ್ಜೆಂಟ್ ಫೀಸು: ಕೂಲಿಯೋ, ಸುಲಿಗೆಯೋ?

ತಿಂಗಳ 20ನೇ ತಾರೀಖು ಜಿಎಸ್‌ಟಿ ರಿಟರ್ನಿನ ಗಡುವು. ಜುಲೈ 31 ಸಂಬಳದಾರರ ಆದಾಯ ತೆರಿಗೆ ರಿಟರ್ನಿನ ಗಡುವು. ಈ ತಾರೀಖುಗಳು ಹತ್ತಿರವಾದಂತೆ ತೆರಿಗೆ ಸಲಹೆಗಾರರ ಕಚೇರಿಗಳಲ್ಲಿ ಹೊಸದೊಂದು ದರ ಹುಟ್ಟುತ್ತದೆ. ಅದಕ್ಕೆ ಅರ್ಜೆಂಟ್ ಫೀಸು ಎಂದು ಹೆಸರು. ಇಷ್ಟೇ ಎಂದು ಎಲ್ಲಿಯೂ ಬರೆದು ಹಾಕಿರುವುದಿಲ್ಲ. ಎದುರಿಗೆ ನಿಂತವನ ಮುಖದಲ್ಲಿ ಎಷ್ಟು ಭಯವೋ ಅಷ್ಟು ದರ. ಇದು ನ್ಯಾಯವೆ?

"ರಾತ್ರಿ ಕೂತು ಮಾಡಿಕೊಟ್ಟ ಕೆಲಸಕ್ಕೆ ಹೆಚ್ಚು ಕೊಡಬಾರದೆ?" ಎಂದು ಸಲಹೆಗಾರರು ಕೇಳುತ್ತಾರೆ. ಕೊಡಬೇಕು. ಗಿರಣಿ ಕಾರ್ಮಿಕನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಓವರ್‌ಟೈಮಿಗೆ ದುಪ್ಪಟ್ಟು ಕೂಲಿ ಎಂಬ ಹಕ್ಕು 1948ರ ಫ್ಯಾಕ್ಟರಿ ಕಾಯಿದೆಯಲ್ಲಿತ್ತು. 2025ರ ನವೆಂಬರಿನಲ್ಲಿ ಅದರ ಸ್ಥಾನಕ್ಕೆ ಬಂದ ಸಂಹಿತೆಯಲ್ಲಿಯೂ ಉಳಿದಿದೆ. ತಾನು ಕೇಳುವ ಹಕ್ಕನ್ನು ಇನ್ನೊಬ್ಬ ದುಡಿಮೆಗಾರನಿಗೆ ಇಲ್ಲವೆನ್ನಲು ಯಾವ ಕಾರ್ಮಿಕನಿಗೂ ಬಾಯಿಲ್ಲ. ತಿಂಗಳಿಡೀ ಸುಮ್ಮನಿದ್ದು, 19ರ ಸಂಜೆ ಬಿಲ್ಲುಗಳ ಚೀಲ ತಂದು ಸುರಿಯುವ ವ್ಯಾಪಾರಿ ಗುಮಾಸ್ತನ ನಿದ್ದೆಯ ಬೆಲೆ ತೆರಲೇಬೇಕು.

ಆದರೆ ಆ ಹಣ ಗುಮಾಸ್ತನ ಕೈ ಸೇರುತ್ತದೆಯೆ? ನಿಗದಿಯಾದ ಗಂಟೆ ಮೀರಿದ ದುಡಿಮೆಗೆ ದುಪ್ಪಟ್ಟು ಕೊಡಬೇಕೆಂದು 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯೂ ಹೇಳುತ್ತದೆ. ನಡುರಾತ್ರಿಯವರೆಗೆ ಕಂಪ್ಯೂಟರ್ ಮುಂದೆ ಕೂತ ಹುಡುಗನಿಗೆ ಒಂದು ಲೋಟ ಚಹಾ, ಅವನ ಹೆಸರಿನಲ್ಲಿ ವಸೂಲಾದ ಹಣ ಧಣಿಯ ಗಲ್ಲಾಪೆಟ್ಟಿಗೆಗೆ ಎಂದಾದರೆ ಅದು ಕೂಲಿಯಲ್ಲ; ಕೂಲಿಯ ವೇಷ ಹಾಕಿದ ಲಾಭ.

ಇನ್ನು ಭಯದ ಲೆಕ್ಕ ನೋಡೋಣ. ವಹಿವಾಟೇ ಇಲ್ಲದ ತಿಂಗಳ 3ಬಿ ರಿಟರ್ನ್ ತಡವಾದರೆ ದಿನಕ್ಕೆ 20 ರೂಪಾಯಿ. ಎಷ್ಟು ತಡವಾದರೂ 500 ರೂಪಾಯಿ ಮೀರುವಂತಿಲ್ಲ. ವಹಿವಾಟು ಇದ್ದವರಿಗೆ ದಿನಕ್ಕೆ 50. ವರ್ಷದ ವಹಿವಾಟು 1.5 ಕೋಟಿಯೊಳಗಿದ್ದರೆ ರಿಟರ್ನ್ ಒಂದಕ್ಕೆ ಹೆಚ್ಚೆಂದರೆ 2,000. ತೆರಿಗೆ ಬಾಕಿ ಉಳಿದರೆ ಅದರ ಮೇಲೆ ವರ್ಷಕ್ಕೆ ಶೇಕಡ 18 ಬಡ್ಡಿ. ಹೀಗಿರುವಾಗ ಒಂದು ದಿನದ 20 ರೂಪಾಯಿ ತಪ್ಪಿಸಲು 1,000 ರೂಪಾಯಿ ಕೇಳುವವನು ಸರಕಾರದ ಅತಿ ಹೆಚ್ಚಿನ ದಂಡದ ಎರಡರಷ್ಟನ್ನು ತಾನೇ ವಿಧಿಸಿದಂತಾಯಿತು! ತಡ ಮಾಡಿರೆಂದು ನಾವು ಹೇಳುತ್ತಿಲ್ಲ. ಸತತ ಎರಡು ಅವಧಿಯ ರಿಟರ್ನ್ ಬಾಕಿಯಾದರೆ ಇ-ವೇ ಬಿಲ್ ನಿಲ್ಲುತ್ತದೆ, ಸರಕು ಗೋದಾಮಿನಲ್ಲೇ ಕೂರುತ್ತದೆ. ಎರಡು ಬದಿಯ ಲೆಕ್ಕವನ್ನೂ ಮುಂದಿಟ್ಟು "ಇಂದೇ ಬೇಕೋ, ನಾಳೆ ಸಾಕೋ" ಎಂದು ಕೇಳುವುದು ಸಲಹೆಗಾರನ ಧರ್ಮ. ಮುಚ್ಚಿಟ್ಟು ಹೆದರಿಸುವುದು ಸಲಹೆಯಲ್ಲ.

2025ರ ಜುಲೈಯಲ್ಲಿ ಯುಪಿಐ ಜಮೆಯ ಮೊತ್ತ ನೋಡಿ ವಾಣಿಜ್ಯ ತೆರಿಗೆ ಇಲಾಖೆ ನೋಟೀಸು ಕಳುಹಿಸಿದಾಗ ಹಾಲು, ತರಕಾರಿ ಮಾರುವವರೂ ನಡುಗಿದರು. ತಾಜಾ ಹಾಲು, ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಆ ಒಂದು ಮಾತು ಹೇಳದೆ ಉತ್ತರ ಬರೆಯಲು ಅವಸರದ ದರ ಹೇಳುವುದು ಉರಿಯುವ ಮನೆಯ ಗಳ ಹಿರಿದಂತೆ.

ಅವಸರ ಯಾರದೆಂಬುದೂ ಮುಖ್ಯ. 2025ರ ಜನವರಿಯಲ್ಲಿ ಜಿಎಸ್‌ಟಿ ಪೋರ್ಟಲ್ ಕೆಟ್ಟು ಕೂತಿತು. 11ರ ಗಡುವು 13ಕ್ಕೆ, 20ರದು 22ಕ್ಕೆ ಹೋಯಿತು. ಬಿಲ್ಲುಗಳನ್ನು ಮೊದಲೇ ಕೊಟ್ಟ ವ್ಯಾಪಾರಿ ಸರಕಾರದ ಯಂತ್ರ ಕೆಟ್ಟದ್ದಕ್ಕೆ ಏಕೆ ತೆರಬೇಕು? ಸಲಹೆಗಾರ ತಾನೇ ಕೆಲಸ ರಾಶಿ ಹಾಕಿಕೊಂಡದ್ದಕ್ಕೆ ಏಕೆ ತೆರಬೇಕು?

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟ. ಅವಸರದ ದರವನ್ನು ಬಾಗಿಲಲ್ಲಿ ಬೋರ್ಡಿನ ಮೇಲೆ ಬರೆದು ಹಾಕಲಿ. ಬಡವನಿಗೂ ಸಾಹುಕಾರನಿಗೂ ಒಂದೇ ದರ ಇರಲಿ. ಗಿರಾಕಿಯಿಂದ ತಡವಾದಾಗ ಮಾತ್ರ ಕೇಳಲಿ, ರಸೀದಿ ಕೊಡಲಿ. ಗುಮಾಸ್ತನ ದುಪ್ಪಟ್ಟು ಕೂಲಿ ಮೊದಲು ಅವನ ಕೈಗೆ ಹೋಗಲಿ.

ವ್ಯಾಪಾರಿ ಬಂಧುಗಳೂ ತಿಂಗಳ 5ರೊಳಗೆ ಬಿಲ್ಲುಗಳನ್ನು ಒಪ್ಪಿಸಿ, ಸ್ವೀಕೃತಿ ಬರೆಸಿಕೊಳ್ಳಲಿ. ಬೀದಿಯ ಹತ್ತು ಅಂಗಡಿಗಳು ಕೂಡಿ ಒಬ್ಬರೇ ಸಲಹೆಗಾರರೊಡನೆ ವರ್ಷದ ದರ ಗೊತ್ತುಮಾಡಿಕೊಳ್ಳಲಿ. ಒಬ್ಬೊಬ್ಬರೇ ಕೊನೆಯ ದಿನ ಓಡಿಹೋದರೆ ದರ ಹೇಳುವವನು ಅವನು. ಹತ್ತು ಜನ ಮೊದಲೇ ಕೂಡಿ ಹೋದರೆ ದರ ಕೇಳುವವರು ನಾವು.