ಮೂರು ವೃತ್ತ, ಏಳು ಮನೆ

ಗಣ ಎಂದರೇನು, ಉಪಗಣ ಎಂದರೇನು ಎಂದು ಒಮ್ಮೆಯೂ ಓದದೆ ಬೆಳಗಾವಿಯ ವಿದ್ಯಾರ್ಥಿ ಇವತ್ತು ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಪೂರ್ತಿ ಅಂಕ ತೆಗೆಯಬಹುದು. 2016ರಲ್ಲಿ ಅದೇ ಪರೀಕ್ಷೆಗೆ ಕೂತ ಅವನ ಅಣ್ಣನಿಗೆ ಅದು ಸಾಧ್ಯವಿರಲಿಲ್ಲ. ಅವನ ಪುಸ್ತಕದಲ್ಲಿ ವಾಸ್ತವ ಸಂಖ್ಯೆಗಳ ಬೆನ್ನಿಗೇ ‘ಗಣಗಳು’ ಎಂಬ ಅಧ್ಯಾಯವಿತ್ತು. ಅವನ ಅಪ್ಪ, ಅವ್ವ ಕೂಡ ಹೈಸ್ಕೂಲಿನಲ್ಲಿ ಪುಷ್ಪಾವರಣದೊಳಗೆ ಗಣಾಂಶಗಳನ್ನು ಬರೆದು, ನಡುವೆ ಅಲ್ಪವಿರಾಮ ಹಾಕಿ ಕಲಿತವರೇ. 2018-19ರಲ್ಲಿ ರಾಜ್ಯವು ಹತ್ತನೇ ತರಗತಿಗೆ ಎನ್‌ಸಿಇಆರ್‌ಟಿ ಗಣಿತ ಪುಸ್ತಕವನ್ನು ಒಪ್ಪಿಕೊಂಡಾಗ ಆ ಅಧ್ಯಾಯ ಬಿದ್ದುಹೋಯಿತು. ಪಠ್ಯಪುಸ್ತಕದಲ್ಲಿ ಯಾರ ಹೆಸರು ಸೇರಿತು, ಯಾರದು ಬಿಟ್ಟುಹೋಯಿತು ಎಂದು ವರ್ಷಗಟ್ಟಲೆ ವಾದಿಸುವ ನಾಡಿನಲ್ಲಿ ಇದರ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ. ಗಣಿತದ ಅಧ್ಯಾಯಕ್ಕೆ ವಾರಸುದಾರರು ಇಲ್ಲ. ಹಾಗಾಗಿ ಸುಮಾರು ಅರ್ಧ ಶತಮಾನದ ಈ ಬರುವಿಕೆ, ಹೋಗುವಿಕೆಯನ್ನು ಒಮ್ಮೆ ಹಿಂದಿರುಗಿ ನೋಡುವುದು ಅಗತ್ಯವೆನಿಸಿತು.

ಗಣಗಳ ಪಾಠ ನಮ್ಮಲ್ಲಿ ಹುಟ್ಟಿ ಬೆಳೆದದ್ದಲ್ಲ, ದೂರದಿಂದ ಬಂದದ್ದು. 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದಾಗ ಅಮೆರಿಕ ಬೆಚ್ಚಿತು. ತನ್ನ ಶಾಲಾ ಗಣಿತವನ್ನು ಬುಡದಿಂದ ಬದಲಿಸಲು ಹೊರಟಿತು. ‘ನವ ಗಣಿತ’ ಎಂದು ಹೆಸರಾದ ಆ ಚಳವಳಿಯ ಮೂಲಮಂತ್ರ ಒಂದೇ: ಆಧುನಿಕ ಗಣಿತವೆಲ್ಲ ಗಣಗಳ ಮೇಲೆ ನಿಂತಿದೆ, ಆದ್ದರಿಂದ ಮಗು ಗಣಗಳಿಂದಲೇ ಶುರುಮಾಡಲಿ. ಇತ್ತ ಭಾರತದಲ್ಲಿ 1961ರಲ್ಲಿ ಎನ್‌ಸಿಇಆರ್‌ಟಿ ಸ್ಥಾಪನೆಯಾಯಿತು. ಎಪ್ಪತ್ತರ ದಶಕ ಬರುವಷ್ಟರಲ್ಲಿ ಅಲೆ ನಮ್ಮ ಹೈಸ್ಕೂಲುಗಳಿಗೂ ಬಂದಿತ್ತು. ಅಷ್ಟರಲ್ಲೇ ಅಮೆರಿಕದಲ್ಲಿ ಅದು ಇಳಿಯತೊಡಗಿತ್ತು. ಮಕ್ಕಳಿಗೆ ಕೂಡಿಸುವುದೇ ಬರುತ್ತಿಲ್ಲವೆಂದು ಗಣಿತಜ್ಞ ಮಾರಿಸ್ ಕ್ಲೈನ್ ತಮ್ಮ ಪ್ರಸಿದ್ಧ ಪುಸ್ತಕ ಬರೆದದ್ದು 1973ರಲ್ಲಿ.

ಕ್ಲೈನ್ ಅವರ ದೂರು ನಮ್ಮ ಶಾಲೆಗಳಿಗೂ ಸಲ್ಲುತ್ತಿತ್ತು, ಆದರೆ ಬೇರೊಂದು ರೀತಿಯಲ್ಲಿ. ನಮ್ಮ ಮಕ್ಕಳಿಗೆ ಕೂಡಿಸುವುದು ಬರುತ್ತಿತ್ತು. ಗಣದ ಪಾಠವೇ ಚಿಹ್ನೆಗಳ ಕಂಠಪಾಠವಾಗಿ ಉಳಿಯಿತು. ಸಂಯೋಗಕ್ಕೆ ಬಟ್ಟಲಿನಾಕಾರ, ಛೇದನಕ್ಕೆ ಅದನ್ನೇ ಬೋರಲು ಹಾಕಿದ ಆಕಾರ. ಹತ್ತಕ್ಕಿಂತ ಕಡಿಮೆಯಿರುವ ಅವಿಭಾಜ್ಯ ಸಂಖ್ಯೆಗಳ ಗಣ ಬರೆಯಿರಿ, ಸ್ವರಾಕ್ಷರಗಳ ಗಣ ಬರೆಯಿರಿ, ಇಷ್ಟೇ. ಎರಡು ಅಂಕದ ಒಂದು ಪ್ರಶ್ನೆ, ವೆನ್ ನಕ್ಷೆಯ ಒಂದು ಲೆಕ್ಕ. ಈ ವಿಚಾರ ಯಾವುದಕ್ಕೆ ಬೇಕು ಎಂದು ಪುಸ್ತಕ ಹೇಳಲಿಲ್ಲ. ಹೇಳಲು ಶಿಕ್ಷಕರಿಗೆ ಯಾರೂ ತರಬೇತಿ ಕೊಡಲಿಲ್ಲ. ವಿಷಯದಲ್ಲಿ ಕೊರತೆಯಿರಲಿಲ್ಲ. ನಾವು ಅದನ್ನು ನಮ್ಮ ಊರಿನ ಸಂಗತಿಗಳ ಮೇಲೆ ಪ್ರಯೋಗಿಸಿ ನೋಡಲಿಲ್ಲ.

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕನ್ನೇ ತೆಗೆದುಕೊಳ್ಳಿ. ಗಣದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಊರು ಕರ್ನಾಟಕದಲ್ಲಿ ಸಿಗುವುದು ಕಷ್ಟ. ಇಟಗಿ, ಬೀಡಿ ಕಡೆಯಿಂದ ಬರುವ ಮಗು ಮನೆಯಲ್ಲಿ ಕನ್ನಡ ಆಡುತ್ತದೆ. ಜಾಂಬೋಟಿ ಕಡೆಯದು ಮರಾಠಿ. ಗೋವೆಯ ಅಂಚಿಗೆ ಹೋದಂತೆ ಕೊಂಕಣಿ. ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಆಟದ ಬಯಲಿನಲ್ಲಿ ಮೂರೂ ಬೆರೆಯುತ್ತವೆ. ಲೆಕ್ಕಕ್ಕಾಗಿ ಒಂದು ಶಾಲೆಯನ್ನು ಊಹಿಸಿಕೊಳ್ಳೋಣ. ಕನ್ನಡ ಬಲ್ಲವರು 40, ಮರಾಠಿ ಬಲ್ಲವರು 35, ಕೊಂಕಣಿ ಬಲ್ಲವರು 20. ಕೂಡಿಸಿದರೆ 95. ಹಾಜರಿ ಪುಸ್ತಕದಲ್ಲಿ ಇರುವುದು 56 ಹೆಸರು, ಎಲ್ಲರಿಗೂ ಮೂರರಲ್ಲಿ ಒಂದಾದರೂ ಬರುತ್ತದೆ. ಉಳಿದ 39 ಎಲ್ಲಿಂದ ಬಂತು? ಎರಡು ಭಾಷೆ ಬಲ್ಲವರನ್ನು ಎರಡು ಸಲ, ಮೂರು ಬಲ್ಲವರನ್ನು ಮೂರು ಸಲ ಎಣಿಸಿದ್ದೇವೆ. ಕನ್ನಡ–ಮರಾಠಿ ಎರಡೂ ಬಲ್ಲವರು 22, ಮರಾಠಿ–ಕೊಂಕಣಿ 15, ಕನ್ನಡ–ಕೊಂಕಣಿ 10. ಇವನ್ನು ಕಳೆದರೆ 48. ಈಗ ಕಳೆದದ್ದು ಹೆಚ್ಚಾಯಿತು. ಮೂರೂ ಬಲ್ಲ 8 ಮಕ್ಕಳನ್ನು ಮೂರು ಸಲ ಸೇರಿಸಿ ಮೂರು ಸಲವೂ ತೆಗೆದುಬಿಟ್ಟಿದ್ದೇವೆ. ಅವರನ್ನು ಮರಳಿ ಕೂಡಿಸಿದರೆ 56, ಲೆಕ್ಕ ಸರಿಹೋಯಿತು. ಸೇರಿಸು, ಕಳೆ, ಮತ್ತೆ ಸೇರಿಸು: ಗಣಗಳು ಎಷ್ಟೇ ಹೆಚ್ಚಿದರೂ ಈ ನಿಯಮ ಹೀಗೆಯೇ ಮುಂದುವರಿಯುತ್ತದೆ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿಸುವುದೂ ಇದನ್ನೇ.

ಮೂರು ವೃತ್ತಗಳನ್ನು ಒಂದರ ಮೇಲೊಂದು ಬರುವಂತೆ ಬರೆದರೆ ಒಳಗೆ ಏಳು ಮನೆಗಳಾಗುತ್ತವೆ. ನಮ್ಮ ಶಾಲೆಯಲ್ಲಿ ಕನ್ನಡ ಮಾತ್ರ ಬಲ್ಲವರು 16, ಮರಾಠಿ ಮಾತ್ರ 6, ಕೊಂಕಣಿ ಮಾತ್ರ 3. ಮಿಕ್ಕ ನಾಲ್ಕು ಮನೆಗಳಲ್ಲಿ 31 ಮಕ್ಕಳಿದ್ದಾರೆ, ಅರ್ಧಕ್ಕಿಂತ ಹೆಚ್ಚು. ಈಗ ಅದೇ ಶಾಲೆಯಲ್ಲಿ ‘ಮಾತೃಭಾಷೆ’ ಎಂಬ ಒಂದೇ ಅಂಕಣದ ಪಟ್ಟಿ ತಯಾರಿಸಿ. 56 ಮಕ್ಕಳು ಮೂರು ಡಬ್ಬಿಗಳಲ್ಲಿ ಹಂಚಿಹೋಗುತ್ತಾರೆ, ಆ 31 ಮಂದಿ ಯಾರಿಗೂ ಕಾಣುವುದಿಲ್ಲ. ಭಾರತದ ಜನಗಣತಿ ಮಾತೃಭಾಷೆಯ ಜೊತೆಗೆ ಬಲ್ಲ ಬೇರೆ ಎರಡು ಭಾಷೆಗಳನ್ನೂ ಕೇಳುತ್ತದೆ. ಆದರೆ ಕರ್ನಾಟಕ–ಮಹಾರಾಷ್ಟ್ರ ಗಡಿಯ ವಿಷಯ ಎದ್ದಾಗಲೆಲ್ಲ ಎರಡೂ ಕಡೆಯ ಭಾಷಣಗಳಲ್ಲಿ ಕೇಳಿಬರುವುದು ಮೊದಲ ಅಂಕಣದ ಅಂಕಿಯೊಂದೇ. ಪರಸ್ಪರ ಸೇರದ ಗಣಗಳು ಬೇರೆ, ಒಂದರೊಳಗೊಂದು ಹಾಯುವ ಗಣಗಳು ಬೇರೆ ಎಂಬುದನ್ನು ಹದಿನೈದರ ವಯಸ್ಸಿನಲ್ಲಿ ಕಲಿತವನು ಆ ಭಾಷಣವನ್ನು ಬೇರೆ ಕಿವಿಯಿಂದ ಕೇಳುತ್ತಾನೆ. ಈ ಪ್ರದೇಶದಲ್ಲಿ ಗಣದ ಪಾಠ ಕೇವಲ ಗಣಿತವಾಗಿ ಉಳಿಯುವುದಿಲ್ಲ.

ಏಳು ಎಂದ ಕೂಡಲೇ ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿ ನೆನಪಾಗುತ್ತದೆ. ರಟ್ಟರ ನಾಲ್ಕನೇ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರಲ್ಲಿ ಕಟ್ಟಿಸಿದ್ದು. ಅದಕ್ಕೂ ಏಳು ಶತಮಾನ ಮುಂಚೆ ಖಾನಾಪುರ ತಾಲ್ಲೂಕಿನ ಹಲಸಿಯಲ್ಲಿ ಕದಂಬ ಮೃಗೇಶವರ್ಮ ಜಿನಾಲಯ ಕಟ್ಟಿಸಿದ್ದನ್ನು ತಾಮ್ರಶಾಸನ ಹೇಳುತ್ತದೆ. ಆ ಬಸದಿಗಳನ್ನು ನಡೆಸಿದ ಜೈನ ಪರಂಪರೆಯ ತಾರ್ಕಿಕರು ಯಾವ ವಸ್ತುವಿನ ಬಗ್ಗೆಯೂ ಏಳು ರೀತಿಯಲ್ಲಿ ಮಾತಾಡಬಹುದು ಎಂದರು: ಒಂದು ದೃಷ್ಟಿಯಿಂದ ಇದೆ, ಇಲ್ಲ, ಇದೆ ಮತ್ತು ಇಲ್ಲ, ಹೇಳಲಾಗದು, ಇದೆ ಮತ್ತು ಹೇಳಲಾಗದು, ಇಲ್ಲ ಮತ್ತು ಹೇಳಲಾಗದು, ಇದೆ, ಇಲ್ಲ ಮತ್ತು ಹೇಳಲಾಗದು. ಇದು ಸಪ್ತಭಂಗಿ. ಏಳೇ ಏಕೆ, ಆರಾಗಲಿ ಎಂಟಾಗಲಿ ಏಕಲ್ಲ? ಅಸ್ತಿ, ನಾಸ್ತಿ, ಅವಕ್ತವ್ಯ ಎಂಬ ಮೂರು ಗಣಾಂಶಗಳ ಗಣಕ್ಕೆ ಎಂಟು ಉಪಗಣಗಳು. ಏನೂ ಇಲ್ಲದ ಶೂನ್ಯಗಣವನ್ನು ಬಿಟ್ಟರೆ ಏಳು. ಖಾನಾಪುರದ ಮಕ್ಕಳ ಏಳು ಮನೆಗಳೂ ಇದೇ ಲೆಕ್ಕದವು. ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಲನೋಬಿಸ್ 1954ರಲ್ಲಿ, ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ 1957ರಲ್ಲಿ ಈ ಏಳು ಬಗೆಯ ಮಾತಿನ ತರ್ಕವಾದ ಸ್ಯಾದ್ವಾದವನ್ನು ಗಂಭೀರವಾಗಿ ಪರಿಶೀಲಿಸಿ ಬರೆದರು. ನಮ್ಮ ಪಠ್ಯಪುಸ್ತಕ ಬರೆದವರ ಕಣ್ಣಿಗೆ ಇದು ಬೀಳಲಿಲ್ಲ.

ಇದನ್ನು ಹೇಳುವಾಗ ಮಿತಿ ಮೀರಬಾರದು. ಜೈನ ಆಚಾರ್ಯ ವೀರಸೇನರ ‘ಧವಲಾ’ ಟೀಕೆ 816ರಲ್ಲಿ ಮುಗಿಯಿತು. ಅದರ ತಾಳೆಗರಿಗಳನ್ನು ಹಳಗನ್ನಡ ಲಿಪಿಯಲ್ಲಿ ಶತಮಾನಗಳ ಕಾಲ ಕಾಪಾಡಿದ್ದು ನಮ್ಮ ಮೂಡಬಿದಿರೆ. ಜೈನ ಗ್ರಂಥಗಳು ರಾಶಿಗಳನ್ನು ಸಂಖ್ಯಾತ, ಅಸಂಖ್ಯಾತ, ಅನಂತ ಎಂದು ವಿಂಗಡಿಸಿದವು, ಅನಂತಗಳೆಲ್ಲ ಒಂದೇ ಅಳತೆಯವಲ್ಲ ಎಂದವು. ಅದು ದೊಡ್ಡ ಊಹೆ, ಅದರ ಬಗ್ಗೆ ಅಭಿಮಾನಪಡಬಹುದು. ಆದರೆ ಸಾಧನೆ ಬೇರೆಯವರದು. ವಾಸ್ತವ ಸಂಖ್ಯೆಗಳನ್ನು ಒಂದು, ಎರಡು, ಮೂರು ಎಂದು ಸಾಲಾಗಿ ಎಣಿಸಿ ಮುಗಿಸಲು ಸಾಧ್ಯವೇ ಇಲ್ಲ ಎಂದು 1874ರಲ್ಲಿ ಜರ್ಮನಿಯ ಗಿಯೋರ್ಗ್ ಕ್ಯಾಂಟರ್ ತೋರಿಸಿದರು. ಗಣ ಸಿದ್ಧಾಂತ ಹುಟ್ಟಿದ್ದು ಆ ಸಾಧನೆಯಿಂದ. ಎಲ್ಲವೂ ನಮ್ಮಲ್ಲೇ ಇತ್ತು ಎಂದು ಬೀಗುವವರಿಗೂ, ನಮ್ಮಲ್ಲಿ ಏನೂ ಇರಲಿಲ್ಲ ಎಂದು ತಲೆತಗ್ಗಿಸುವವರಿಗೂ ಇಲ್ಲಿ ಆಧಾರ ಸಿಗದು.

ಗಣದ ಜೋಡಿ ವಿಷಯವಾದ ತರ್ಕದ ಕಥೆ ಇನ್ನೂ ಹೆಚ್ಚು ಬೇಸರ ತರಿಸುತ್ತದೆ. ಕರ್ನಾಟಕದ ಹಳೆಯ ಪ್ರಥಮ ಪಿಯು ಗಣಿತದಲ್ಲಿ ತರ್ಕದ ಅಧ್ಯಾಯವೇ ಇತ್ತು. ಹೇಳಿಕೆ, ನಿಷೇಧ, ಸತ್ಯಕೋಷ್ಟಕ ಎಲ್ಲ ಅದರಲ್ಲಿದ್ದವು. ಸಿಇಟಿಯಲ್ಲಿ ಅದರ ಮೇಲೆ ಪ್ರಶ್ನೆ ಬರುತ್ತಿತ್ತು. 2012-13ರಲ್ಲಿ ಪಿಯು ವಿಜ್ಞಾನ ವಿಭಾಗ ಎನ್‌ಸಿಇಆರ್‌ಟಿ ಪಠ್ಯಕ್ರಮಕ್ಕೆ ಬದಲಾದಾಗ ತರ್ಕ ತೆಳುವಾಯಿತಾದರೂ ಕೊನೆಯ ಸಾಲಿನ ಒಂದು ಅಧ್ಯಾಯವಾಗಿ ಉಳಿಯಿತು. 2022ರಲ್ಲಿ ಕೋವಿಡ್ ಕಾಲದ ಹೊರೆ ಇಳಿಸುತ್ತೇವೆಂದು ಎನ್‌ಸಿಇಆರ್‌ಟಿ ಅದನ್ನೂ ತೆಗೆಯಿತು. ಗಣಿತೀಯ ಅನುಗಮನ ಹೋಯಿತು. ಗಣಗಳ ಅಧ್ಯಾಯದಲ್ಲೇ ಘಾತಗಣವೂ, ಸಂಯೋಗ–ಛೇದನದ ದಿನಬಳಕೆಯ ಲೆಕ್ಕಗಳೂ ಹೋದವು. ಮೇಲೆ ಹೇಳಿದ ಖಾನಾಪುರದಂಥ ಲೆಕ್ಕ ಇದ್ದದ್ದು ಆ ಕೊನೆಯ ಭಾಗದಲ್ಲೇ. 2024ರಲ್ಲಿ ಜೆಇಇ ಮೇನ್ ಪಠ್ಯಕ್ರಮದಿಂದಲೂ ಗಣಿತೀಯ ತರ್ಕ ಹೊರಬಿತ್ತು. ಕೋವಿಡ್ ಮುಗಿದರೂ ಅಧ್ಯಾಯ ಮರಳಿ ಬರಲಿಲ್ಲ.

ತರ್ಕ ಉಳಿದಿರುವುದು ವಾಣಿಜ್ಯ ವಿಭಾಗದಲ್ಲಿ. ದ್ವಿತೀಯ ಪಿಯುಸಿಯ ‘ಬೇಸಿಕ್ ಮ್ಯಾಥ್ಸ್’ ಪುಸ್ತಕ ಹುಂಡಿ, ಷೇರು, ಅನುಪಾತಗಳ ನಡುವೆ ಅದಕ್ಕೆ ಜಾಗ ಕೊಟ್ಟಿದೆ. ಮುಂದೆ ಕಂಪ್ಯೂಟರ್ ಸೈನ್ಸ್ ಓದಲಿರುವ ವಿಜ್ಞಾನದ ಹುಡುಗಿ ಗಣಿತದಲ್ಲಿ ಸತ್ಯಕೋಷ್ಟಕ ನೋಡದೆ ಪಿಯುಸಿ ಮುಗಿಸುತ್ತಾಳೆ, ಪಕ್ಕದ ಕೋಣೆಯಲ್ಲಿ ಅಕೌಂಟೆನ್ಸಿ ಓದುವ ಅವಳ ಗೆಳತಿ ಅದನ್ನು ಬರೆದು ಅಂಕ ಪಡೆಯುತ್ತಾಳೆ. ವಾಣಿಜ್ಯದವರಿಗೆ ತರ್ಕ ಬೇಕೇ ಬೇಕು, ಅದು ಅಲ್ಲಿರಲಿ. ವಿಜ್ಞಾನದವರಿಗೆ ಏಕಿಲ್ಲ?

1998ರಿಂದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಕೇಂದ್ರ ಬೆಳಗಾವಿಯೇ. ಇಲ್ಲಿ ಬರೆದ ಪಠ್ಯಕ್ರಮವನ್ನು ಬೀದರ್‌ನಿಂದ ಚಾಮರಾಜನಗರದವರೆಗಿನ ಕಾಲೇಜುಗಳು ಓದಿಸುತ್ತವೆ. 2010ರ ಯೋಜನೆಯಲ್ಲಿ ಕಂಪ್ಯೂಟರ್ ಸೈನ್ಸ್‌ನವರ ಮೂರನೇ ಸೆಮಿಸ್ಟರಿಗೆ ‘ಡಿಸ್ಕ್ರೀಟ್ ಮ್ಯಾಥಮ್ಯಾಟಿಕಲ್ ಸ್ಟ್ರಕ್ಚರ್ಸ್’ ಕಡ್ಡಾಯವಾಗಿತ್ತು. ಅದರ ಮೊದಲ ಘಟಕವೇ ಗಣ ಸಿದ್ಧಾಂತ, ಎರಡನೆಯದು ತರ್ಕ. 2015ರ ಯೋಜನೆಯಲ್ಲಿ ಗಣದ ಘಟಕ ಮಾಯವಾಗಿ ತರ್ಕವೇ ಮೊದಲ ಪಾಠವಾಯಿತು. ಶಾಲೆಯಲ್ಲಿ, ಪಿಯುವಿನಲ್ಲಿ ಗಣ ಕಲಿತು ಬಂದಿರುತ್ತಾರೆ ಎಂಬ ಭರವಸೆ ಅದರ ಹಿಂದೆ ಇದ್ದಿರಬಹುದು. ಮೂರೇ ವರ್ಷದಲ್ಲಿ ಶಾಲೆ ಆ ಪಾಠ ಬಿಟ್ಟಿತು. 2022ರ ಯೋಜನೆಯಲ್ಲಿ ಇಡೀ ವಿಷಯ ನಾಲ್ಕನೇ ಸೆಮಿಸ್ಟರಿಗೆ ಸರಿದು, ಗ್ರಾಫ್ ಥಿಯರಿ, ಲೀನಿಯರ್ ಆಲ್ಜಿಬ್ರಾಗಳ ಜೊತೆ ಆಯ್ಕೆಯ ಪಟ್ಟಿಯಲ್ಲಿ ಒಂದಾಯಿತು. ಹೀಗಾಗಿ ಶಾಲೆ ಪಿಯುವನ್ನು ನಂಬಿತು, ಪಿಯು ಇಂಜಿನಿಯರಿಂಗನ್ನು ನಂಬಿತು, ಇಂಜಿನಿಯರಿಂಗ್ ಶಾಲೆಯನ್ನು ನಂಬಿತು. ಪ್ರತಿ ಹಂತದಲ್ಲಿ ಒಬ್ಬರು ಒಂದು ತುಂಡು ತೆಗೆದರು. ಒಟ್ಟು ಏನು ಉಳಿಯಿತು ಎಂದು ನೋಡುವ ಹೊಣೆ ಯಾರಿಗೂ ಇರಲಿಲ್ಲ.

ಬೆಳಗಾವಿಯಿಂದ ವೆಂಗುರ್ಲಾ ರಸ್ತೆ ಹಿಡಿದು ಶಿನೋಳಿ ತಲುಪಿದರೆ ಮಹಾರಾಷ್ಟ್ರ. ಅಲ್ಲಿನ ರಾಜ್ಯ ಮಂಡಳಿಯ ಒಂಬತ್ತನೇ ತರಗತಿಯ ಬೀಜಗಣಿತ ಪುಸ್ತಕದ ಮೊದಲ ಅಧ್ಯಾಯ ಗಣಗಳು, ಹನ್ನೆರಡನೆಯ ತರಗತಿಯ ಗಣಿತದ ಮೊದಲ ಅಧ್ಯಾಯ ತರ್ಕ. ಅಂದರೆ ಚಂದಗಡ ತಾಲ್ಲೂಕಿನ ಹುಡುಗ ಕಲಿಯುವ ಪಾಠ ಖಾನಾಪುರದ ಮರಾಠಿ ಶಾಲೆಯ ಹುಡುಗನಿಗೂ ಇಲ್ಲ, ಕನ್ನಡ ಶಾಲೆಯವನಿಗೂ ಇಲ್ಲ. ಇಬ್ಬರೂ ಸಮಾನವಾಗಿ ಕಳೆದುಕೊಂಡ ಈ ಪಾಠದ ವಿಷಯದಲ್ಲಿ ಇಲ್ಲಿನ ಕನ್ನಡದವರೂ ಮರಾಠಿಯವರೂ ಒಂದೇ ಮನವಿಗೆ ಸಹಿ ಹಾಕಬಹುದು.

ಇಷ್ಟಕ್ಕೂ ತರ್ಕ ಏನು ಕಲಿಸುತ್ತದೆ? ಕಣಕುಂಬಿಯಲ್ಲಿ ಮಳೆ ಹಿಡಿದರೆ ಖಾನಾಪುರದಲ್ಲಿ ಮಲಪ್ರಭೆ ಏರುತ್ತದೆ ಎಂಬ ಮಾತನ್ನು ಒಪ್ಪೋಣ. ಮಲಪ್ರಭೆ ಏರಿಲ್ಲವಾದರೆ ಕಣಕುಂಬಿಯಲ್ಲಿ ಮಳೆ ಹಿಡಿದಿಲ್ಲ ಎಂದು ನಿಶ್ಚಿಂತೆಯಿಂದ ಹೇಳಬಹುದು. ಮಲಪ್ರಭೆ ಏರಿದೆ, ಆದ್ದರಿಂದ ಕಣಕುಂಬಿಯಲ್ಲಿ ಮಳೆ ಎನ್ನಲಾಗದು. ನೀರು ಬೇರೆ ಹಳ್ಳದಿಂದ ಬಂದಿರಬಹುದು. ಓದುವಾಗ ಇಷ್ಟೇನಾ ಎನಿಸುತ್ತದೆ. ಆದರೆ ಮೊಬೈಲಿಗೆ ಬಂದು ಬೀಳುವ ಅರ್ಧ ಸುದ್ದಿಗಳು ನಿಂತಿರುವುದು ಈ ತಪ್ಪಿನ ಮೇಲೇ: ಕಳ್ಳರು ಹೀಗೆ ಮಾಡುತ್ತಾರೆ, ಇವನು ಹೀಗೆ ಮಾಡಿದ, ಆದ್ದರಿಂದ ಇವನು ಕಳ್ಳ. ಇನ್ನೊಂದು: ‘ಆ ಹುಡುಗನಿಗೆ ಕನ್ನಡ, ಮರಾಠಿ ಎರಡೂ ಬರುತ್ತವೆ’ ಎಂಬುದು ಸುಳ್ಳು ಎಂದರೆ ಏನರ್ಥ? ಎರಡೂ ಬರುವುದಿಲ್ಲ ಎಂದು ಅನೇಕರು ಬರೆಯುತ್ತಾರೆ. ಸರಿಯಾದ ಉತ್ತರ: ಎರಡರಲ್ಲಿ ಕನಿಷ್ಠ ಒಂದು ಬರುವುದಿಲ್ಲ. ಈ ನಿಯಮಕ್ಕೆ ಹೆಸರು ಕೊಟ್ಟ ಅಗಸ್ಟಸ್ ಡಿ ಮಾರ್ಗನ್ ಹುಟ್ಟಿದ್ದು 1806ರಲ್ಲಿ, ನಮ್ಮ ನೆರೆರಾಜ್ಯದ ಮದುರೆಯಲ್ಲಿ. ಅವರ ಸಮಕಾಲೀನ ಜಾರ್ಜ್ ಬೂಲ್ 1854ರಲ್ಲಿ ಮತ್ತು, ಅಥವಾ, ಅಲ್ಲ ಎಂಬ ಮಾತುಗಳನ್ನು ಬೀಜಗಣಿತವಾಗಿಸಿದರು. ಬೆಳಗಾವಿಯ ಉದ್ಯಮಬಾಗದ ಕಾರ್ಖಾನೆಗಳ ಸಿಎನ್‌ಸಿ ಯಂತ್ರ ಬಾಗಿಲು ಮುಚ್ಚಿದ್ದರೆ ಮತ್ತು ಗುಂಡಿ ಒತ್ತಿದರೆ ಮಾತ್ರ ತಿರುಗುವುದು ಆ ಬೀಜಗಣಿತದಿಂದಲೇ. ಕಾರ್ಮಿಕನ ಕೈಬೆರಳು ಉಳಿಯುವುದು ಆ ‘ಮತ್ತು’ವಿನಿಂದ.

ಐದು ದಶಕದ ಲೆಕ್ಕ ನೋಡಿದರೆ ನಮ್ಮ ತೀರ್ಮಾನ ಇದು. ಗಣವನ್ನು ತಂದ ರೀತಿ ತಪ್ಪಾಗಿತ್ತು. ತೆಗೆದದ್ದು ಅದಕ್ಕಿಂತ ದೊಡ್ಡ ತಪ್ಪು. ಕರ್ನಾಟಕ ಪಠ್ಯಪುಸ್ತಕ ಸಂಘ ಒಂಬತ್ತನೇ ತರಗತಿಗೆ ಇಪ್ಪತ್ತು ಪುಟಗಳ ಒಂದು ಪೂರಕ ಪಾಠ ಬರೆಸಲಿ. ಅದರಲ್ಲಿ ಗಣ ಮತ್ತು ತರ್ಕ ಬೇರೆ ಬೇರೆ ಅಧ್ಯಾಯಗಳಾಗದೆ ಒಟ್ಟಿಗೆ ಇರಲಿ. ಛೇದನ ಎಂದರೆ ‘ಮತ್ತು’, ಸಂಯೋಗ ಎಂದರೆ ‘ಅಥವಾ’, ಪೂರಕ ಎಂದರೆ ‘ಅಲ್ಲ’ ಎಂದು ಮಗುವಿಗೆ ಮೊದಲ ದಿನವೇ ಗೊತ್ತಾಗಲಿ. ಚಿಹ್ನೆಗಳು ಕೊನೆಗೆ ಬರಲಿ. ವಿಟಿಯು ಕಂಪ್ಯೂಟರ್ ವಿದ್ಯಾರ್ಥಿಗಳಿಗೆ ಈ ವಿಷಯವನ್ನು ಮತ್ತೆ ಕಡ್ಡಾಯ ಮಾಡಲಿ.

ಅಲ್ಲಿಯವರೆಗೆ ಶಿಕ್ಷಕರು ಕಾಯಬೇಕಿಲ್ಲ. ಹತ್ತನೇ ತರಗತಿಯ ಪುಸ್ತಕದಲ್ಲಿ ಸಂಭವನೀಯತೆಯ ಅಧ್ಯಾಯ ಇನ್ನೂ ಇದೆ. ಅದಕ್ಕೆ ಮುಂಚೆ ಎರಡು ಪಿರಿಯಡ್ ತೆಗೆದು, ಕರಿಹಲಗೆಯ ಮೇಲೆ ಮೂರು ವೃತ್ತ ಎಳೆದು, ತಮ್ಮದೇ ತರಗತಿಯ ಮಕ್ಕಳನ್ನು ಅವರಾಡುವ ಭಾಷೆಗಳ ಪ್ರಕಾರ ಏಳು ಮನೆಗಳಲ್ಲಿ ಕೂರಿಸಿ ನೋಡಿ ಎಂದು ಖಾನಾಪುರ ಮತ್ತು ಬೆಳಗಾವಿಯ ಗಣಿತ ಶಿಕ್ಷಕ, ಶಿಕ್ಷಕಿಯರನ್ನು ಕೇಳಿಕೊಳ್ಳುತ್ತೇವೆ.