ಕ್ಯಾಪ್ ಎಷ್ಟು ವರ್ಷ ಬರುತ್ತೆ ಅಂತಲ್ಲ, ಹಲ್ಲು ಎಷ್ಟು ಉಳಿದಿದೆ ಅಂತ ಕೇಳಿ

ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿ ಅರಕೆರೆ ಗೇಟು ದಾಟಿ ಹುಳಿಮಾವು ಗೇಟಿನತ್ತ ನಡೆದರೆ ದರ್ಶಿನಿಗಳ ಜೊತೆ ಪೈಪೋಟಿಗೆ ಬಿದ್ದಂತೆ ಹಲ್ಲಿನ ಕ್ಲಿನಿಕ್ಕುಗಳ ಬೋರ್ಡು. ಒಳಗೆ ರೂಟ್ ಕೆನಾಲ್ ಮುಗಿಸಿಕೊಂಡು, ಇನ್ನೂ ಮರಗಟ್ಟಿರುವ ತುಟಿ ಒರೆಸಿಕೊಳ್ಳುತ್ತ ಕೂತವರ ಕೈಗೆ ಒಂದು ಪಟ್ಟಿ ಬರುತ್ತದೆ: ಮೆಟಲ್ ಕ್ಯಾಪ್, ಮೆಟಲ್ ಮೇಲೆ ಸೆರಾಮಿಕ್, ಜಿರ್ಕೋನಿಯಾದಲ್ಲೇ ಮೂರ್ನಾಲ್ಕು ಬಗೆ. ಒಂದೊಂದರ ಎದುರಿಗೂ ದರ, ಅದರ ಪಕ್ಕ ವಾರಂಟಿ: 5 ವರ್ಷ, 10 ವರ್ಷ, 15 ವರ್ಷ. ನಾಲ್ಕಾರು ಸಾವಿರದಿಂದ ಇಪ್ಪತ್ತು ಸಾವಿರದ ಆಚೆಗೂ ಏರುವ ಆ ಪಟ್ಟಿಯನ್ನು ನಾವು ಹೋಟೆಲಿನ ತಿಂಡಿಪಟ್ಟಿಯಂತೆ ಬಲಗಡೆಯಿಂದ ಓದುತ್ತೇವೆ. ತೀರಾ ಅಗ್ಗದ್ದು ಬೇಡ, ತೀರಾ ದುಬಾರಿಯದ್ದೂ ಬೇಡ ಎಂದು ನಡುವಿನದೊಂದರ ಮೇಲೆ ಬೆರಳಿಡುತ್ತೇವೆ. ನನ್ನ ತಕರಾರು ದರದ ಮೇಲಲ್ಲ. ಆ ಪಟ್ಟಿಯಲ್ಲಿ ಕ್ಯಾಪಿನ ವಿಷಯ ಎಲ್ಲ ಇದೆ, ಅದನ್ನು ಹೊರಬೇಕಾದ ಹಲ್ಲಿನ ವಿಷಯ ಒಂದಕ್ಷರವೂ ಇಲ್ಲ. ಯಾವ ಕ್ಯಾಪ್ ಎಂಬುದು ಎರಡನೇ ಪ್ರಶ್ನೆ; ಹಲ್ಲು ಎಷ್ಟು ಉಳಿದಿದೆ, ಇನ್ನೆಷ್ಟು ಉಜ್ಜಬೇಕು ಎಂಬುದು ಮೊದಲನೆಯದು.

ದುಬಾರಿಯದ್ದೇ ಹೆಚ್ಚು ಬಾಳುತ್ತದೆ ಎಂಬ ನಂಬಿಕೆಯನ್ನು ಮೊದಲು ನೋಡೋಣ. ಐರೀನಾ ಸೈಲರ್ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟುಹಾಕಿ 2015ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ ಐದು ವರ್ಷದ ನಂತರವೂ ಬಾಯಲ್ಲಿ ಉಳಿದ ಕ್ಯಾಪುಗಳ ಲೆಕ್ಕವಿದೆ. ಲೋಹದ ಮೇಲೆ ಸೆರಾಮಿಕ್ ಹಚ್ಚಿದ ಹಳೆಯ ಬಗೆಯವು ನೂರಕ್ಕೆ ಸುಮಾರು 95, ಲಿಥಿಯಂ ಡೈಸಿಲಿಕೇಟಿನಂಥ ಗಾಜುಸೆರಾಮಿಕ್ 97ರ ಹತ್ತಿರ, ಜಿರ್ಕೋನಿಯಾ 92. ಜಿರ್ಕೋನಿಯಾ ಹಿಂದೆ ಬಿದ್ದದ್ದಕ್ಕೆ ಕಾರಣವಿತ್ತು: ಅಂದಿನವಕ್ಕೆ ಅಂದಕ್ಕಾಗಿ ಮೇಲೊಂದು ಪಿಂಗಾಣಿ ಪದರ ಹಚ್ಚುತ್ತಿದ್ದರು, ಅದು ಚಕ್ಕೆ ಏಳುತ್ತಿತ್ತು. ಇಂದು ಒಂದೇ ತುಂಡಿನಲ್ಲಿ ಕಡೆದು ತೆಗೆಯುವ ಜಿರ್ಕೋನಿಯಾಕ್ಕೆ ಆ ಕಾಟವಿಲ್ಲ. ಹೇಗೇ ನೋಡಿದರೂ ಈ ಅಂತರ ನಾಲ್ಕು ಸಾವಿರಕ್ಕೂ ಇಪ್ಪತ್ತು ಸಾವಿರಕ್ಕೂ ಇರುವಷ್ಟು ದೊಡ್ಡದಲ್ಲ. ಅಲ್ಲದೆ ಕ್ಯಾಪ್ ಸೋಲುವುದು ಎಷ್ಟೋ ಸಲ ಕ್ಯಾಪಿನಿಂದಲ್ಲ; ಅಂಚಿನ ಸಂದಿಯಲ್ಲಿ ಹುಳುಕು ಹೊಕ್ಕು, ಒಳಗಿನ ಹಲ್ಲು ಮುರಿದು, ಬೇರಿನ ತುದಿಯಲ್ಲಿ ಕೀವಾಗಿ. ಅಂಥಲ್ಲಿ 15 ವರ್ಷದ ಕ್ಯಾಪ್ ಒಂದು ಗೀರೂ ಇಲ್ಲದೆ ಕೈಗೆ ಬರುತ್ತದೆ, ಜೊತೆಗೆ ಮುರಿದ ಹಲ್ಲೂ.

ಕ್ಯಾಪ್ ಕೂರಿಸಲು ಹಲ್ಲನ್ನು ಸುತ್ತಲೂ, ಮೇಲೂ ಉಜ್ಜಬೇಕು. ನೀರಿನ ತುಂತುರಿನ ನಡುವೆ ವಜ್ರದ ಪುಡಿ ಅಂಟಿಸಿದ ಸಣ್ಣ ಕಡ್ಡಿ ತಿರುಗುತ್ತದೆ, ಹತ್ತಿಪ್ಪತ್ತು ನಿಮಿಷದಲ್ಲಿ ಹಲ್ಲು ಮೊಟಕು ಗೂಟದಂತಾಗುತ್ತದೆ. 2002ರಲ್ಲಿ ಎಡೆಲ್‌ಹಾಫ್ ಮತ್ತು ಸೋರೆನ್‌ಸನ್ ಮುಂಭಾಗದ ಹಲ್ಲುಗಳನ್ನು ತೂಗಿ ನೋಡಿದಾಗ, ಪೂರ್ತಿ ಕ್ಯಾಪಿಗೆ ಅಣಿಮಾಡುವಾಗ ವಸಡಿನ ಮೇಲಿನ ಹಲ್ಲಿನಲ್ಲಿ ನೂರಕ್ಕೆ 63ರಿಂದ 72 ಭಾಗ ಹೋಗಿತ್ತು. ಹೋದದ್ದು ಮತ್ತೆ ಬೆಳೆಯುವುದಿಲ್ಲ. ಜೀವವಿರುವ ಹಲ್ಲಾದರೆ ಒಳಗಿನ ನರವೂ ಬೆಲೆ ತೆರುತ್ತದೆ: ಹಾಂಗ್‌ಕಾಂಗ್‌ನಲ್ಲಿ ಲೋಹ-ಸೆರಾಮಿಕ್ ಕ್ಯಾಪ್ ಹಾಕಿದ ಜೀವಂತ ಹಲ್ಲುಗಳನ್ನು ಹಿಂಬಾಲಿಸಿದ 2005ರ ಅಧ್ಯಯನದಲ್ಲಿ ಹತ್ತು ವರ್ಷದ ಹೊತ್ತಿಗೆ ನೂರಕ್ಕೆ ಹದಿನಾರರಷ್ಟರ ನರ ಸತ್ತಿತ್ತು. ಕ್ಯಾಪ್ ಯಾವ ಸಾಮಾನಿನದು ಎಂಬುದಕ್ಕೆ ನಿಜವಾದ ಮಹತ್ವ ಬರುವುದು ಇಲ್ಲಿ. ಲೋಹ-ಸೆರಾಮಿಕ್ಕಿಗೆ ಮೇಲ್ಗಡೆ ಒಂದೂವರೆಯಿಂದ ಎರಡು ಮಿಲಿಮೀಟರ್ ಜಾಗ ಬೇಕು, ಬರೀ ಲೋಹಕ್ಕೆ ಒಂದು, ಹೆಚ್ಚೆಂದರೆ ಒಂದೂವರೆ ಸಾಕು, ಒಂದೇ ತುಂಡಿನ ಜಿರ್ಕೋನಿಯಾ ಇದರ ಹತ್ತಿರ ಹತ್ತಿರ. ಇನ್ನೊಂದು ಅಳತೆಯೂ ಇದೆ. ಉಜ್ಜಿದ ಮೇಲೆ ವಸಡಿನಿಂದ ಮೇಲಕ್ಕೆ ಸುತ್ತಲೂ ಒಂದೂವರೆ-ಎರಡು ಮಿಲಿಮೀಟರ್ ಗಟ್ಟಿ ಹಲ್ಲು ಉಳಿದಿದ್ದರೆ ಕ್ಯಾಪ್ ಪೀಪಾಯಿಯ ಪಟ್ಟಿಯಂತೆ ಅದನ್ನು ಬಿಗಿದು ಹಿಡಿಯುತ್ತದೆ. ಅಷ್ಟೂ ಉಳಿದಿಲ್ಲದಿದ್ದರೆ ಯಾವ ಬ್ರ್ಯಾಂಡಿನದಾದರೂ ಅದು ಕುಸಿದ ಗೋಡೆಯ ಮೇಲಿನ ಛಾವಣಿ.

ಹಾಗಾದರೆ ಕ್ಯಾಪೇ ಬೇಡವೇ ಎಂದು ಕೇಳಬಹುದು. ಹಾಗೆಂದು ತಿಳಿದು ಮುಂದೂಡುವವರೂ ಬಹಳ ಮಂದಿ. ರೂಟ್ ಕೆನಾಲ್ ಆದ ಮೇಲೆ ನೋವು ನಿಂತಿತು, ಕ್ಯಾಪ್ ದೀಪಾವಳಿ ಬೋನಸ್ ಬಂದಾಗ ನೋಡೋಣ ಎನ್ನುತ್ತಾರೆ. ಅದು ತಪ್ಪು ಲೆಕ್ಕ. 2002ರ ಒಂದು ಅಮೆರಿಕನ್ ಅಧ್ಯಯನದಲ್ಲಿ ರೂಟ್ ಕೆನಾಲ್ ಆಗಿ ಕ್ಯಾಪ್ ಕಾಣದ ಹಲ್ಲುಗಳು, ಕ್ಯಾಪ್ ಹಾಕಿದವಕ್ಕಿಂತ ಆರು ಪಟ್ಟು ವೇಗದಲ್ಲಿ ಕೀಳಿಸಿಕೊಂಡು ಹೋದವು. ಆದರೆ ಎಲ್ಲ ಹಲ್ಲಿಗೂ ಒಂದೇ ನಿಯಮವಲ್ಲ. ರೂಟ್ ಕೆನಾಲ್ ಆದ 1,273 ಹಲ್ಲುಗಳನ್ನು ನೋಡಿದ 1984ರ ಅಧ್ಯಯನದಲ್ಲಿ ಕ್ಯಾಪಿನಿಂದ ಎದ್ದು ಕಾಣುವ ಲಾಭವಾದದ್ದು ದವಡೆ ಹಲ್ಲುಗಳಿಗೆ, ಮುಂದಿನವಕ್ಕಲ್ಲ. ಗೋಡೆಗಳು ಗಟ್ಟಿಯಾಗಿರುವ ಮುಂದಿನ ಹಲ್ಲಿನ ಸಣ್ಣ ತೂತಿಗೆ ಒಳ್ಳೆಯ ಫಿಲ್ಲಿಂಗೇ ಸಾಕಾಗಬಹುದು. ಕಚ್ಚುವ ಭಾರವೆಲ್ಲ ಬೀಳುವುದು ಹಿಂದಿನ ಹಲ್ಲುಗಳ ಮೇಲೆ. ಬರೀ ಮುದ್ದೆ ನುಂಗುವುದಾದರೆ ಬೇರೆ ಮಾತು, ಚಕ್ಕುಲಿ-ಕೋಡುಬಳೆ ಬಿಡದವರಿಗೆ ಬಿರುಕು ಬಿಡುವುದು ಅಲ್ಲೇ.

ಇಷ್ಟು ತಿಳಿದ ಮೇಲೆ ಆಯ್ಕೆ ಸುಲಭವಾಗುತ್ತದೆ. ಆಕಳಿಸಿದರೆ ಮಾತ್ರ ಕಾಣುವ ಕೊನೆಯ ದವಡೆ ಹಲ್ಲು, ಅದೂ ಗಿಡ್ಡವಾದದ್ದು: ಅಲ್ಲಿ ಬರೀ ಲೋಹದ ಕ್ಯಾಪ್ ಹಾಕಿಸಿಕೊಳ್ಳುವುದು ಬಡತನವಲ್ಲ, ಜಾಣತನ. ಬೆಳ್ಳಿ ಬಣ್ಣ ಚೆಂದವಲ್ಲ ಎನ್ನುವವರು ಒಂದೇ ತುಂಡಿನ ಜಿರ್ಕೋನಿಯಾಕ್ಕೆ ಹೋಗಲಿ. ನಿಕ್ಕಲ್ ಅಲರ್ಜಿ ಇರುವವರಿಗೂ ಅದೇ ದಾರಿ. ಲೋಹವೇ ಬೇಕೆಂದರೆ ನಿಕ್ಕಲ್ ಇಲ್ಲದ ಮಿಶ್ರಲೋಹ ಕೇಳಬೇಕು. ನಕ್ಕಾಗ ಕಾಣುವ ಹಲ್ಲಿಗೆ ಬೆಳಕು ಒಳಹೋಗುವ ಗಾಜುಸೆರಾಮಿಕ್ ಒಪ್ಪುತ್ತದೆ, ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸವಿದ್ದರೆ ಮಾತ್ರ ಎರಡು ಸಲ ಯೋಚಿಸಬೇಕು. ಜಿರ್ಕೋನಿಯಾ ಎದುರಿನ ಹಲ್ಲನ್ನು ಸವೆಸುತ್ತದೆಂಬ ದೂರಿನಲ್ಲಿ ಅರ್ಧ ಸತ್ಯವಿದೆ. ಕನ್ನಡಿಯಂತೆ ಪಾಲಿಶ್ ಆದದ್ದು ಹೆಚ್ಚೇನೂ ಸವೆಸದು, ಒರಟಾಗಿ ಬಿಟ್ಟದ್ದು ಸವೆಸುತ್ತದೆ. ಆದ್ದರಿಂದ ಕೊನೆಯ ದಿನ ನೀಲಿ ಕಾಗದ ಕಚ್ಚಿಸಿ, ಗುರುತು ಬಿದ್ದಲ್ಲಿ ಉಜ್ಜಿದ ಮೇಲೆ, ಮತ್ತೆ ಪಾಲಿಶ್ ಮಾಡಿದರೇ ಎಂಬುದನ್ನು ಗಮನಿಸಬೇಕು. ಆ ಐದು ನಿಮಿಷ ಬ್ರ್ಯಾಂಡಿನ ಹೆಸರಿಗಿಂತ ದೊಡ್ಡದು.

ಸಾಮಾನ್ಯ ಜನಕ್ಕೆ ಇದೆಲ್ಲ ಹೇಗೆ ಗೊತ್ತಾಗಬೇಕು, ವಾರಂಟಿಯಾದರೂ ಒಂದು ಆಸರೆಯಲ್ಲವೇ ಎಂಬ ಮಾತಿನಲ್ಲಿ ನ್ಯಾಯವಿದೆ. ಅಗ್ಗದ ಜಿರ್ಕೋನಿಯಾ ಬಿಲ್ಲೆಯಿಂದ ಕಡೆದದ್ದನ್ನು ಹೆಸರುವಾಸಿ ಬ್ರ್ಯಾಂಡೆಂದು ಕೊಡದಂತೆ ವಾರಂಟಿ ಕಾರ್ಡು ಒಂದು ಗುರುತು, ಜೋಪಾನವಾಗಿಡಿ. ಅದು ಸಾಮಾನ್ಯವಾಗಿ ಭರವಸೆ ಕೊಡುವುದು ಸಾಮಾನಿಗೆ ಎಂಬುದನ್ನು ಮಾತ್ರ ಮರೆಯಬಾರದು. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ದರಪಟ್ಟಿ ಕಾಣುವಂತೆ ಹಾಕಬೇಕೆನ್ನುತ್ತದೆ. ಒಳ್ಳೆಯದೇ, ಆದರೆ ದರದ ಜೊತೆ ಕಾರಣವೂ ಕಾಗದದ ಮೇಲೆ ಬರಲಿ: ಯಾವ ಹಲ್ಲು, ಎಷ್ಟು ಗೋಡೆ ಉಳಿದಿದೆ, ಈ ಸಾಮಾನು ಯಾಕೆ. ಎಕ್ಸ್‌ರೇ ತೋರಿಸಿ ಬೆರಳಿಟ್ಟು ಹೇಳಲು ಒಂದು ಕಾಫಿ ಕುಡಿಯುವಷ್ಟು ಹೊತ್ತು ಸಾಕು. ಹೇಳಲು ಪುರುಸೊತ್ತಿಲ್ಲದ ಕಡೆ ಉಜ್ಜಿಸಿಕೊಳ್ಳುವ ಆತುರ ನಮಗೂ ಬೇಡ. ಹುಳಿಮಾವಿನ ಕೆರೆ ಏರಿ ರಸ್ತೆಯಲ್ಲೇ ಎಇಸಿಎಸ್ ಮಾರುತಿ ದಂತ ಕಾಲೇಜಿದೆ, ಜೆ.ಪಿ. ನಗರದಲ್ಲಿ ಆರ್.ವಿ., ಬೊಮ್ಮನಹಳ್ಳಿಯಲ್ಲಿ ಆಕ್ಸ್‌ಫರ್ಡ್. ಕಾಲೇಜುಗಳಲ್ಲಿ ಹೊತ್ತು ಹಿಡಿಯುತ್ತದೆ, ನಾಲ್ಕು ಸಲ ಓಡಾಡಬೇಕು. ಆದರೆ ಎರಡನೇ ಅಭಿಪ್ರಾಯಕ್ಕೆ ಇಷ್ಟು ಅನುಕೂಲವಾದ ಊರು ಕಡಿಮೆ.

ಆ ವಾರಂಟಿ ಕಾರ್ಡಿನಲ್ಲಿ ಹಲ್ಲಿನ ಬಗ್ಗೆ ಇರುವುದು ಒಂದು ಸಂಖ್ಯೆ ಮಾತ್ರ. ಅದು 36 ಆಗಿದ್ದರೆ ಎಡಗಡೆ ಕೆಳದವಡೆಯ ಮೊದಲ ದೊಡ್ಡ ಹಲ್ಲು. ಆರನೇ ವಯಸ್ಸಿಗೆ, ಯಾವ ಹಾಲುಹಲ್ಲನ್ನೂ ಬೀಳಿಸದೆ ಸದ್ದಿಲ್ಲದೆ ಹಿಂದಿನಿಂದ ಹುಟ್ಟಿಬರುವ ಅದನ್ನು ಮನೆಯವರು ಇದೂ ಹಾಲುಹಲ್ಲೇ ಎಂದುಕೊಂಡು ಬಿಟ್ಟಿರುತ್ತಾರೆ.